ಸಹಾಯ ಬೇಕು: ಫ್ಲಟರ್ ಎಸ್‌ಡಿಕೆಯ (ಆ್ಯಪ್ ಕಟ್ಟುವ ಸಾಧನಗಳ ಕಟ್ಟು) ಡೆಬಿಯನ್ ಲಿನಕ್ಸ್ ಪ್ಯಾಕೇಜ್, ಬಿನ್/ಕ್ಯಾಶ್ ಫೋಲ್ಡರ್ ತೊಂದರೆ

ಪ್ಯಾಕೇಜ್ ಬಿಲ್ಡ್ ವೇಳೆ ನೆಟ್‌ವರ್ಕ್ ಇರದ ಕಾರಣ ಡಾರ್ಟ್ (ಫ್ಲಟರ್ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಎಸ್‌ಡಿಕೆ, ಎಂಜಿನ್ ಫೈಲುಗಳು, ಟೂಲ್ಸ್ ಸ್ನ್ಯಾಪ್‌ಶಾಟ್ ಎಲ್ಲವನ್ನೂ ಮೊದಲೇ ಇಳಿಸಿ ಬಿನ್/ಕ್ಯಾಶ್‌ಗೆ ತುಂಬಿದ್ದೇನೆ. ಫೋಲ್ಡರ್ ರೂಟ್ (ಸಿಸ್ಟಂ ನಿರ್ವಾಹಕ) ಒಡೆತನದ್ದು. ಸಾಮಾನ್ಯ ಬಳಕೆದಾರ ಫ್ಲಟರ್ ಕಮಾಂಡ್ ಕೊಟ್ಟ ಕೂಡಲೇ ಅದು ಅಲ್ಲಿಯೇ ಲಾಕ್‌ಫೈಲ್ (ಒಂದೇ ಬಾರಿಗೆ ಎರಡು ಕಮಾಂಡ್ ಓಡದಂತೆ ತಡೆಯುವ ಫೈಲ್) ಬರೆಯಲು ಹೋಗಿ 'ಪರ್ಮಿಶನ್ ಡಿನೈಡ್' ಎಂದು ನಿಲ್ಲುತ್ತದೆ.

ಫೋಲ್ಡರ್ ಬೇರೆಯವರ ಒಡೆತನದ್ದೆಂದು ಗಿಟ್ (ಕೋಡ್ ಆವೃತ್ತಿ ನಿರ್ವಹಣೆಯ ಸಾಧನ) ತೆಗೆಯುವ 'ಡ್ಯೂಬಿಯಸ್ ಓನರ್‌ಶಿಪ್' ತಕರಾರು ಸಿಸ್ಟಂ ಮಟ್ಟದ ಗಿಟ್ ಕಾನ್ಫಿಗ್‌ನಲ್ಲಿ ಸೇಫ್.ಡೈರೆಕ್ಟರಿ ಸೇರಿಸಿದರೆ ತೀರುತ್ತದೆ, ಅದು ದೊಡ್ಡದಲ್ಲ. ಹಾಗಂತ .ಗಿಟ್ ಫೋಲ್ಡರನ್ನೇ ಕಿತ್ತುಹಾಕಿದರೆ, ಇದು ಗಿಟ್‌ಹಬ್ ಪ್ರಾಜೆಕ್ಟಿನ ಕ್ಲೋನ್ ಅಲ್ಲ ಎಂದು ಫ್ಲಟರ್ ಕಮಾಂಡೇ ನಿಲ್ಲುತ್ತದೆ; ಫೋಲ್ಡರ್ ಇದ್ದು ಗಿಟ್ ಟ್ಯಾಗುಗಳು ಮಾತ್ರ ಇರದಿದ್ದರೆ ಆವೃತ್ತಿ '0.0.0-ಅನ್‌ನೋನ್' ಆಗಿ, ಪ್ಯಾಕೇಜುಗಳು ಕೇಳುವ ಕನಿಷ್ಠ ಆವೃತ್ತಿಗೆ ಹೊಂದದೆ ಪಬ್ ಗೆಟ್ (ಅವಲಂಬಿತ ಪ್ಯಾಕೇಜುಗಳನ್ನು ತರುವ ಕಮಾಂಡ್) ಸೋಲುತ್ತದೆ.

ದಯವಿಟ್ಟು ಸಿಎಚ್‌ಮಾಡ್ 777 (ಎಲ್ಲರಿಗೂ ಬರೆಯುವ ಅನುಮತಿ) ಹೇಳಬೇಡಿ, ಪ್ಯಾಕೇಜಿಗೆ ಅದು ಸಲ್ಲದು. ಫ್ಲಟರ್ ಕಮಾಂಡನ್ನು ಶುರು ಮಾಡುವ ಸ್ಕ್ರಿಪ್ಟ್ ಬಿನ್/ಇಂಟರ್ನಲ್/ಶೇರ್ಡ್.ಎಸ್‌ಎಚ್‌ಗೆ ಪ್ಯಾಚ್ ಹಾಕಿ ಲಾಕನ್ನು ಬಳಕೆದಾರರ ಹೋಮ್‌ಗೆ ಸರಿಸಿದವರು ಯಾರಾದರೂ ಇದ್ದೀರಾ? ಡಾರ್ಟ್ ಕೋಡ್ ಕಡೆಯೂ ಬದಲಿಸಬೇಕಾಯಿತೇ, ಇಲ್ಲ ಓವರ್‌ಲೇ ಮೌಂಟ್ (ಮೂಲ ಫೋಲ್ಡರ್ ಮೇಲೆ ಬರೆಯಬಹುದಾದ ಪದರ) ಮಾಡಿಕೊಂಡಿರಾ? ಪ್ಯಾಚ್ ಫೈಲ್ ಇದ್ದರೆ ಹಂಚಿಕೊಳ್ಳಿ.