ಮೊದಲ ಸಂದರ್ಶನ, ಹೇಗೆ ತಯಾರಾಗಲಿ? ಅನುಭವ ಇದ್ದವರು ಹೇಳಿ

ಕೇಳಿದವರು: ತೀರ್ಥಹಳ್ಳಿ ಕಡೆಯವಳು
ಬಿ.ಕಾಂ. ಮುಗಿದು ಒಂದು ವರ್ಷ ಆಯ್ತು. ಅಪ್ಪನಿಗೆ ಹುಷಾರಿರಲಿಲ್ಲ, ಮನೆಯಲ್ಲೇ ಉಳಿದೆ. ಈಗ ಶಿವಮೊಗ್ಗದ ಒಂದು ಸಹಕಾರಿ ಬ್ಯಾಂಕಿನ ಪರೀಕ್ಷೆ ಪಾಸಾಗಿದೆ. ಬುಧವಾರ ಬೆಳಿಗ್ಗೆ 10ಕ್ಕೆ ಸಂದರ್ಶನ. ಏನು ಓದಲಿ? ಆ ಒಂದು ವರ್ಷದ ಬಗ್ಗೆ ಕೇಳಿದರೆ ಏನು ಹೇಳಲಿ? ಇಲ್ಲಿ ಮಳೆ ಬೇರೆ ಬಿಡುತ್ತಿಲ್ಲ.

ಸಾಗರದಿಂದ ಒಬ್ಬ
ಮೊದಲು ಮಳೆ ವಿಷಯ. ಮಂಗಳವಾರವೇ ಶಿವಮೊಗ್ಗ ಸೇರಿಬಿಡಿ, ನೆಂಟರ ಮನೆಯೋ ಗೆಳತಿಯ ರೂಮೋ ಯಾವುದಾದರೂ ಆಗಲಿ. ನಾನು ಅದೇ ದಿನ ಬೆಳಿಗ್ಗೆ ಬಸ್ಸಿಗೆ ಹೊರಟವನು. ಆನಂದಪುರ ದಾಟಿದ ಮೇಲೆ ರಸ್ತೆಗೆ ಮರ ಬಿದ್ದಿತ್ತು. ಕಂಡಕ್ಟರ್ ಜೊತೆ ಸೇರಿ ನಾವೇ ಕೊಂಬೆ ಎಳೆದು ಹಾಕಿದೆವು. 10 ಗಂಟೆ ಸಂದರ್ಶನಕ್ಕೆ 11:20ಕ್ಕೆ ಹೋದೆ. ಪುಣ್ಯಕ್ಕೆ ಒಳಗೆ ಬಿಟ್ಟರು. ಆದ್ರೆ ಪ್ಯಾಂಟಿಗೆಲ್ಲ ಕೆಸರು, ಎದೆ ಡವಡವ. ಹೆಸರು ಕೇಳಿದರೆ ಅಪ್ಪನ ಹೆಸರು ಹೇಳಿದೆ.

ಹೊಸನಗರದ ಅಕ್ಕ
ಬಟ್ಟೆ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಈ ಮಳೆಯಲ್ಲಿ ಚೂಡಿದಾರ್‌ನ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತೀಯ ಅಲ್ವಾ? ಆ ಹೊಗೆ ವಾಸನೆ ನಮಗೆ ಗೊತ್ತಾಗಲ್ಲ, ಎ.ಸಿ. ರೂಮಿನಲ್ಲಿ ಕೂತವರಿಗೆ ಗೊತ್ತಾಗುತ್ತೆ. ನನ್ನನ್ನು ಒಬ್ಬರು "ಅಡಿಗೆ ಮಾಡಿ ಬಂದ್ರಾ?" ಅಂತಲೇ ಕೇಳಿದ್ರು. ಮಾರ್ಕ್ಸ್‌ಕಾರ್ಡ್‌ಗಳನ್ನೂ ಇವತ್ತೇ ತೆಗೆದು ನೋಡು ಮಾರಾಯ್ತಿ, ಬೂಸು ಹಿಡಿದಿರುತ್ತೆ. ಎರಡು ಸೆಟ್ ಜೆರಾಕ್ಸ್, ಎಲ್ಲಾ ಪ್ಲಾಸ್ಟಿಕ್ ಕವರಿನೊಳಗೆ.

ಸಹಕಾರಿ ಬ್ಯಾಂಕಿನಲ್ಲೇ ಇರುವವನು, ಶಿವಮೊಗ್ಗ
ಓದೋದು ತೀರಾ ಜಾಸ್ತಿ ಏನಿಲ್ಲ. ಕರ್ನಾಟಕದಲ್ಲಿ ಸಹಕಾರ ಚಳವಳಿ ಶುರುವಾದದ್ದು ಗದಗ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ. ಇದನ್ನು ಕೇಳದ ಸಹಕಾರಿ ಸಂದರ್ಶನ ನಾನು ಕಂಡಿಲ್ಲ. ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ವಿಮೆ ಎಷ್ಟು? ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ, 2020ರಿಂದ. ಅದಕ್ಕೂ ಮೊದಲು 1 ಲಕ್ಷ ಇತ್ತು. ಚೆಕ್ ಎಷ್ಟು ದಿನ ನಡೆಯುತ್ತೆ? ಅದರ ಮೇಲಿನ ತಾರೀಕಿನಿಂದ 3 ತಿಂಗಳು.

ಎನ್.ಪಿ.ಎ. (ಅಸಲೋ ಬಡ್ಡಿಯೋ ಕಟ್ಟದೆ ಬಾಕಿ ಬಿದ್ದ ಸಾಲ) ಅಂದ್ರೇನು ಅಂದಾಗ ಎಲ್ಲರೂ 90 ದಿನಕ್ಕಿಂತ ಜಾಸ್ತಿ ಬಾಕಿ ಇದ್ದದ್ದು ಅಂತ ಗಿಣಿಪಾಠ ಒಪ್ಪಿಸ್ತಾರೆ. ಅಲ್ಲೇ ಸಿಕ್ಕಿಬೀಳೋದು. ಬೆಳೆ ಸಾಲಕ್ಕೆ ಆ 90 ದಿನ ಅಲ್ಲ, ಬೆಳೆ ಹಂಗಾಮಿನ ಲೆಕ್ಕ. ಯಾಕೆ ಅಂತ ಯೋಚಿಸಿ. ರೈತನ ಕೈಗೆ ದುಡ್ಡು ಬರೋದು ಬೆಳೆ ಬಂದಾಗ ತಾನೇ? ಹಾಗೆ ಕಾರಣ ಸಮೇತ ಹೇಳಿದರೆ ಮುಂದಿನ ಪ್ರಶ್ನೆಗೆ ಹೆದರಬೇಕಿಲ್ಲ.

ಇನ್ನೊಂದು. ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಸರಾಗ ಇದ್ದದ್ದು ನಾಲಿಗೆಗೆ ಬಂದಾಗ ತಡವರಿಸುತ್ತೆ. ಮನೆಯಲ್ಲಿ ಅಜ್ಜಿ ಇದ್ದರೆ ಆರ್.ಡಿ.ಗೂ (ತಿಂಗಳು ತಿಂಗಳು ಕಟ್ಟೋ ಠೇವಣಿ) ಎಫ್.ಡಿ.ಗೂ (ಒಂದೇ ಸಲ ಇಡೋ ಠೇವಣಿ) ಏನು ವ್ಯತ್ಯಾಸ ಅಂತ ಅವರಿಗೆ ಹೇಳಿ ನೋಡಿ. ಕೌಂಟರಿನಲ್ಲಿ ನೀವು ದಿನಾ ಮಾಡಬೇಕಾದ ಕೆಲಸವೇ ಅದು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸಾರ್" ಅಂದುಬಿಡಿ. ಊಹೆ ಮಾಡಿ ಹೇಳಿದರೆ ನಮಗೆ ತಕ್ಷಣ ಗೊತ್ತಾಗುತ್ತೆ.

ಕೊಪ್ಪದ ತೋಟದವನು
ತಂಗಿ, ನಿನ್ನ ಒಂದು ವರ್ಷದ ಬಗ್ಗೆ ನಾನು ಹೇಳ್ತೀನಿ. ನಾನೂ ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದೆ. ಮೊದಲ ಸಂದರ್ಶನದಲ್ಲಿ ಕೇಳಿದ್ದಕ್ಕೆ "ಸುಮ್ನೆ ಮನೆಯಲ್ಲಿದ್ದೆ ಸಾರ್" ಅಂದೆ. ಅಲ್ಲಿಗೆ ಮುಗಿಯಿತು.

ಎರಡನೇ ಸಲ ಹೋಗುವ ಹಿಂದಿನ ರಾತ್ರಿ ಕೂತು ಯೋಚಿಸಿದೆ. ನಿಜವಾಗಲೂ ಸುಮ್ನೆ ಇದ್ದೆನಾ? ಅಡಿಕೆ ಕೊಯ್ಲಿನಲ್ಲಿ ನಮ್ಮಲ್ಲಿ 14 ಜನ ಸುಲಿಯುವವರು. ದಿನಾ ರಾತ್ರಿ ಯಾರು ಎಷ್ಟು ಡಬ್ಬ ಅಂತ ಎಣಿಸಿ ಬರೆಯುತ್ತಿದ್ದವನು ನಾನು. ಮುಂಗಡ ತೆಗೆದುಕೊಂಡವರದ್ದು ಬೇರೆ ಪುಟ. ಶನಿವಾರ ಬಟವಾಡೆ. ಒಂದು ವಾರ ಲೆಕ್ಕದಲ್ಲಿ ಮೂರು ಡಬ್ಬ ಜಾಸ್ತಿ ಬಂತು. ರಾತ್ರಿ 12ರವರೆಗೆ ಹುಡುಕಿದೆ. ಒಬ್ಬಳ ಹೆಸರನ್ನು ಎರಡು ಸಲ ಬರೆದಿದ್ದೆ! ಇದನ್ನೇ ಅಲ್ಲಿ ಹೇಳಿದೆ. ಮಧ್ಯ ಕೂತಿದ್ದ ಹಿರಿಯರು ಕನ್ನಡಕ ತೆಗೆದು, "ನಿಮ್ಮಲ್ಲಿ ಡಬ್ಬಕ್ಕೆ ಎಷ್ಟು ಕೊಡ್ತೀರಿ?" ಅಂದ್ರು. ಅವರಿಗೂ ತೋಟ ಇತ್ತೋ ಏನೋ. ಆಮೇಲಿನ ಹತ್ತು ನಿಮಿಷ ಸುಲಿಯುವವರು ಸಿಗದಿರುವ ಕಷ್ಟವೇ ಮಾತು.

ಅಪ್ಪನ ಕಾಯಿಲೆಯನ್ನು ಒಂದೇ ಮಾತಲ್ಲಿ ಹೇಳಿ ಮುಗಿಸು. ಅಯ್ಯೋ ಅನ್ನಿಸೋಕೆ ಹೋಗಬೇಡ. ನಿಮ್ಮ ಮನೆಯ ಲೆಕ್ಕ ಯಾರು ಬರೆದದ್ದು?

ಭದ್ರಾವತಿಯಿಂದ
ಇಂಗ್ಲಿಷಿನಲ್ಲೇ ಉತ್ತರ ಕೊಡಿ, ಅಂಕ ಜಾಸ್ತಿ.

ಸಹಕಾರಿ ಬ್ಯಾಂಕಿನಲ್ಲೇ ಇರುವವನು, ಶಿವಮೊಗ್ಗ
ಭದ್ರಾವತಿಯವರ ಮಾತು ಒಪ್ಪಲ್ಲ. ಕೇಳಿದ ಭಾಷೆಯಲ್ಲೇ ಉತ್ತರ ಕೊಡಿ. ಕನ್ನಡದಲ್ಲಿ ಕೇಳಿದ್ದಕ್ಕೆ ಬಾಯಿಪಾಠದ ಇಂಗ್ಲಿಷ್ ಒಪ್ಪಿಸಿದರೆ, ಹಳ್ಳಿ ಶಾಖೆಗೆ ಹಾಕಿದರೆ ಈ ಹುಡುಗಿ ಜನರ ಜೊತೆ ಹೇಗೆ ಮಾತಾಡ್ತಾಳೆ ಅನ್ನೋ ಅನುಮಾನ ಬರುತ್ತೆ.

ತೀರ್ಥಹಳ್ಳಿ ಕಡೆಯವಳು
ಎಲ್ಲರಿಗೂ ಥ್ಯಾಂಕ್ಸ್. ಕೊಪ್ಪದ ಅಣ್ಣ, ಲೆಕ್ಕ ಬರೆದದ್ದು ನಾನೇ. ಅಪ್ಪ ಮಲಗಿದ್ದಲ್ಲಿಂದಲೇ ಕೇಳಿ ಕೇಳಿ ಬರೆಸುತ್ತಿದ್ದರು. ಆ ಪುಸ್ತಕ ತಗೊಂಡು ಹೋಗಲಾ?

ಕೊಪ್ಪದ ತೋಟದವನು
ಫೈಲಿನಲ್ಲಿ ಇರಲಿ. ಅವರು ಕೇಳಿದರೆ ಮಾತ್ರ ತೆಗೆ.

ಹೊಸನಗರದ ಅಕ್ಕ
ಮೊದಲು ಮೂಸಿ ನೋಡು, ಪುಸ್ತಕಕ್ಕೂ ಹೊಗೆ ವಾಸನೆ ಇರುತ್ತೆ!

ತೀರ್ಥಹಳ್ಳಿ ಕಡೆಯವಳು
ಇದೆ ಅಕ್ಕ 😄 ಅಟ್ಟದ ಮೇಲಿಟ್ಟಿದ್ದು. ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ. ಚೂಡಿದಾರ್ ಶಿವಮೊಗ್ಗದಲ್ಲೇ ಇಸ್ತ್ರಿಗೆ ಕೊಡ್ತೀನಿ. ಅಜ್ಜಿಗೆ ಎಫ್.ಡಿ. ಅರ್ಥ ಆಯ್ತು. ಈಗ ಅವರ ಪಿಂಚಣಿ ದುಡ್ಡಿಗೆ ಬಡ್ಡಿ ಎಷ್ಟು ಬರುತ್ತೆ ಅಂತ ಬೆಳಿಗ್ಗೆಯಿಂದ ಕೇಳ್ತಿದ್ದಾರೆ.