ಅಪ್‌ಡೇಟ್: ಸೋಮವಾರಪೇಟೆಯ ಅಪ್ಪನ ಮನೆ ಮಾರಾಟಕ್ಕೆ ರೆಡಿ

ಅಪ್ಪ ತೀರಿಕೊಂಡ ಮೇಲೆ ಸೋಮವಾರಪೇಟೆಯ ಮನೆ ಮಾರೋಕೆ ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೆನಲ್ಲ, ಈಗ ಎಲ್ಲ ರೆಡಿ. "ಬಣ್ಣ ಆಮೇಲೆ, ಮೊದಲು ಕಾಗದಪತ್ರ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಖಾತೆಯನ್ನು ಅಮ್ಮ, ಅಕ್ಕ, ನನ್ನ ಹೆಸರಿಗೆ ಬದಲಾಯಿಸಿಕೊಂಡೆವು. ಅಕ್ಕನಿಗೆ ಮದುವೆಯಾಗಿದೆ, ಆದರೂ ಸಮಪಾಲು. ಅವಳ ಸಹಿ ಇಲ್ಲದೆ ಕ್ರಯ ಆಗಲ್ಲ.

ಬ್ಲೀಚಿಂಗ್ ಪೌಡರ್ ಹಾಕಿ ಗೋಡೆ ಉಜ್ಜೋ ಸಲಹೆ ಮಾತ್ರ ಕೈಕೊಟ್ಟಿತು. ಬೂಷ್ಟು ಮತ್ತೆ ಬಂತು! ನೋಡಿದರೆ ದಂಬೆ (ಸೂರಿನ ಮಳೆನೀರು ಹರಿದುಹೋಗೋ ಕೊಳವೆ) ತುಂಬ ಸಿಲ್ವರ್ ಮರದ ಎಲೆ, ಮಳೆನೀರೆಲ್ಲ ಗೋಡೆಗೆ. ಅದನ್ನು ತೆಗೆದು, ಒಡೆದ ಹೆಂಚು ಬದಲಿಸಿ, ಗೋಡೆ ಒಣಗಿದ ಮೇಲೇ ಬಣ್ಣ ಹೊಡೆಸಿದೆವು.

ಇನ್ನೊಂದು ವಿಷಯ: ಬಂದ ಗಿರಾಕಿಗಳೆಲ್ಲ ಮೊದಲು ಕೇಳಿದ್ದು "ಜಮ್ಮಾ ಜಾಗವಾ?" ಅಂತ (ನಮ್ಮ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಇಡೀ ಕುಟುಂಬದ ಹೆಸರಲ್ಲಿ ಬಂದಿರೋ ಜಾಗಕ್ಕೆ ಹಾಗಂತಾರೆ). ಅಲ್ಲ ಅಂತ ಹಳೇ ಕ್ರಯಪತ್ರ ತೋರಿಸಿದ ಮೇಲೇ ರೇಟಿನ ಮಾತು.