ಅಪ್‌ಡೇಟ್: ಈಜುಕೊಳಕ್ಕೆ ಕೊನೆಗೂ ಹೊಸ ಪಂಪ್ ಬಂತು

ಅಮೆರಿಕದ ಫೀನಿಕ್ಸ್‌ನ ನಮ್ಮ ಮನೆಯ ಈಜುಕೊಳಕ್ಕೆ ಕರೆಂಟ್ ಕಡಿಮೆ ಎಳೆಯುವ ಪಂಪ್ ಯಾವುದು ಅಂತ ಕೇಳಿದ್ದೆನಲ್ಲ, ವೇರಿಯಬಲ್ ಸ್ಪೀಡ್ (ವೇಗ ಬೇಕಾದಂತೆ ಬದಲಿಸಬಹುದಾದ) ಪಂಪನ್ನೇ ಹಾಕಿಸಿದೆ. ಆ ಸಲಹೆ ಕೊಟ್ಟವರಿಗೆ ತುಂಬು ಮನಸ್ಸಿನ ಧನ್ಯವಾದ. ಹಳೆಯದು 3450 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 8 ಗಂಟೆ ಓಡಿ ದಿನಕ್ಕೆ ಸುಮಾರು 13 ಯೂನಿಟ್ ತಿನ್ನುತ್ತಿತ್ತು. ಈಗ ಅರ್ಧ ವೇಗದಲ್ಲಿ 16 ಗಂಟೆ ಓಡಿದರೂ ನಾಲ್ಕು ಚಿಲ್ಲರೆ ಯೂನಿಟ್ ಅಷ್ಟೇ. ವೇಗ ಅರ್ಧವಾದರೆ ಹರಿವೂ ಅರ್ಧ, ಆದರೆ ಬೇಕಾಗುವ ಪವರ್ ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗ ಮಾತ್ರ! ನಿಜಕ್ಕೂ ಬೆರಗಾಯಿತು.

ಫಿಲ್ಟರ್ ತೊಳೆದು ಹಳೆಯ ಪಂಪನ್ನೇ ಉಳಿಸಿಕೊಳ್ಳಿ ಅಂತ ಕೆಲವರು ಅಂದಿದ್ದನ್ನೂ ಮೊದಲು ಮಾಡಿ ನೋಡಿದ್ದೆ. ಫಿಲ್ಟರ್‌ನ ಒತ್ತಡ ಇಳಿಯಿತು, ಬಿಲ್ ಇಳಿಯಲಿಲ್ಲ.

ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ ಇದ್ದವರು ಗಮನಿಸಿ: ವೇಗ ತೀರಾ ಇಳಿಸಿದರೆ ಅದರ ಫ್ಲೋ ಸ್ವಿಚ್ (ನೀರಿನ ಹರಿವು ಸಾಲದಿದ್ದರೆ ಯಂತ್ರವನ್ನು ನಿಲ್ಲಿಸುವ ಸ್ವಿಚ್) ಆಫ್ ಆಗುತ್ತದೆ. ನಮ್ಮಲ್ಲಿ 1500 ಆರ್‌ಪಿಎಂ ಕೆಳಗೆ ಹಾಗಾಯಿತು, 1700ಕ್ಕೆ ಇಟ್ಟ ಮೇಲೆ ಸರಿಹೋಯಿತು.